ಲಿಮಿಟರ್ ತೆಗೆದ ಕೈ

ಹೆಣವನ್ನು ಹೊರಗೆ ತಂದಾಗ ಸಭಾಂಗಣದ ಮುಂದೆ ನೆರೆದಿದ್ದವರು ಸರಿದು ದಾರಿ ಬಿಟ್ಟರು.

ಅಗ್ನಿಶಾಮಕ ದಳದ ಇಬ್ಬರು ಸ್ಟ್ರೆಚರ್ ಹಿಡಿದಿದ್ದರು. ಹೊದಿಸಿದ ಬಟ್ಟೆಯ ಅಂಚಿನಲ್ಲಿ ಬಿಳಿ ಗಡ್ಡ ಇಣುಕುತ್ತಿತ್ತು. ಸಭಾಂಗಣದ ಕಾವಲುಗಾರ. ಎಲ್ಲರ ಬಾಯಲ್ಲೂ ಗಡ್ಡದಜ್ಜ. ಮಧ್ಯಾಹ್ನ ನೃತ್ಯದ ಹುಡುಗಿಯರ ತಾಲೀಮು ನಡೆದಿತ್ತು. ವೇದಿಕೆಯ ಬಲಗಡೆಯ ಸ್ಪೀಕರ್ ಹೊಗೆಯಾಡಿತು. ಅದಕ್ಕೆ ಒರಗಿಕೊಂಡಿದ್ದ ಮಖಮಲ್ ಪರದೆ ಹೊತ್ತಿಕೊಂಡಿತು. ಹುಡುಗಿಯರು ಎದ್ದೆವೋ ಬಿದ್ದೆವೋ ಎಂದು ಓಡಿಬಂದರು. ಒಬ್ಬಳು ಒಳಗೇ ಉಳಿದಳು ಎಂದು ಯಾರೋ ಕಿರುಚಿದರು. ಅಜ್ಜ ನುಗ್ಗಿದ. ಆ ಹುಡುಗಿ ಹಿಂದಿನ ಬಾಗಿಲಿನಿಂದ ಆಗಲೇ ಹೊರಬಂದು ನೀರು ಕುಡಿಯುತ್ತಿದ್ದಳು. ಅಜ್ಜ ಮಾತ್ರ ಬರಲೇ ಇಲ್ಲ.

"ಸ್ಪೀಕರ್ ರಿಪೇರಿ ಗೊತ್ತಿರೋರು ಯಾರಿದ್ದಾರೆ ಇಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

"ನಾನಿದ್ದೀನಿ ಸಾರ್."

ಬಂದವಳು ಚೂಟಿ. ಅಪ್ಪ ಇಟ್ಟ ಅಡ್ಡಹೆಸರು, ಹಣೆಗೆ ಅಂಟಿಕೊಂಡುಬಿಟ್ಟಿತ್ತು. ಸುಟ್ಟ ಸ್ಪೀಕರ್‌ಗಳ ಕಾಯಿಲ್, ಅಂದರೆ ಒಳಗಿನ ತಂತಿಸುರುಳಿ, ಮತ್ತೆ ಸುತ್ತುವುದು ಅವಳ ಕಸುಬು. ಅಂಗಡಿ ಅಪ್ಪನದು. ಅಪ್ಪ ಎಂದರೆ ಮಾಸ್ಟರ್. ಮಾಸ್ಟರ್ ಕಿವಿಗೊಟ್ಟು ನಿಂತರೆ ತಂತಿ ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಈಚೆಗೆ ಮಂಡಿನೋವೆಂದು ಅವರು ಎಲ್ಲವನ್ನೂ ಅಳಿಯನ ಕೈಗೆ ಕೊಟ್ಟಿದ್ದರು. ಈ ಸಭಾಂಗಣದ ಧ್ವನಿವ್ಯವಸ್ಥೆಯನ್ನು ಅಂದು ಬೆಳಿಗ್ಗೆ ಹೊಂದಿಸಿ ಹೋಗಿದ್ದವನು ಆ ಅಳಿಯನೇ. ಚೂಟಿಯ ಗಂಡ.

ಅವಳು ಸುಟ್ಟ ಪೆಟ್ಟಿಗೆಯನ್ನು ಬಿಚ್ಚಿದಳು. ಕೆಳಗಿನ ದಪ್ಪ ಸ್ಪೀಕರ್‌ಗಳ ಕಾಯಿಲ್‌ಗೆ ಏನೂ ಆಗಿರಲಿಲ್ಲ. ಮೇಲಿನ ಚಿಕ್ಕದು, ಸಣ್ಣ ದನಿ ನುಡಿಸುವ ಟ್ರೆಬಲ್‌ನದು, ಕರಕಲಾಗಿತ್ತು.

"ಒಂದೇ ಏಟಿಗೆ ಹೋಗಿದ್ರೆ ತಂತಿ ತುಂಡಾಗಿರ್ತಿತ್ತು ಸಾರ್. ಇದು ನಿಧಾನವಾಗಿ ಬೆಂದಿದೆ. ತುಂಬ ಹೊತ್ತು ಜಾಸ್ತಿ ಕರೆಂಟ್ ಹರಿದಿದೆ. ಸುತ್ತ ಇದ್ದ ಸ್ಪಂಜಿಗೆ ಕಿಡಿ ತಗುಲಿದೆ."

"ಹಾಗೆ ಹರಿಯಬಹುದಾ?"

"ಹರಿಯಬಾರದು. ಅದಕ್ಕೇ ಪ್ರೊಸೆಸರ್ ಇರೋದು."

ಪಕ್ಕದ ಕೋಣೆಗೆ ಬೆಂಕಿ ಮುಟ್ಟಿರಲಿಲ್ಲ. ಕಬ್ಬಿಣದ ಚೌಕಟ್ಟಿನಲ್ಲಿ ಆಂಪ್ಲಿಫೈಯರ್‌ಗಳ ಮೇಲೆ ಒಂದು ತೆಳು ಡಬ್ಬಿ ಕೂತಿತ್ತು. ಹಾಡು, ಮಾತು, ಏನೇ ಬರಲಿ, ಅದನ್ನು ದಪ್ಪ, ನಡು, ಸಣ್ಣ ಎಂದು ಮೂರು ಪಾಲು ಮಾಡಿ ಸ್ಪೀಕರ್‌ಗಳಿಗೆ ಹಂಚುವುದು ಅದರ ಕೆಲಸ.

"ಪ್ರತಿ ಪಾಲಿಗೂ ಒಂದು ಲಿಮಿಟರ್ ಇರುತ್ತೆ ಸಾರ್. ಲಗಾಮು ಇದ್ದ ಹಾಗೆ. ಇಷ್ಟಕ್ಕಿಂತ ಮೇಲೆ ಹೋಗಬೇಡ ಅಂತ." ಅವಳು ಅಂಗಡಿಯ ಹಳೇ ಫೋನ್ ನಂಬರನ್ನು ಒತ್ತಿದಳು. ಡಬ್ಬಿಯ ಪುಟ್ಟ ಪರದೆಯ ಬೀಗ ತೆರೆಯಿತು. ಪುಟ ತಿರುವಿದಳು. ಬಾಯಿಂದ ಮಾತು ತಾನಾಗಿಯೇ ಜಾರಿತು. "ಅಯ್ಯೋ! ಟ್ರೆಬಲ್ ಲಿಮಿಟರನ್ನ ತುದಿಗೇರಿಸಿಬಿಟ್ಟಿದ್ದಾರೆ, ಲಗಾಮೇ ಇಲ್ಲದ ಹಾಗೆ. ದನಿ ಮಟ್ಟಾನೂ ಏರಿಸಿದ್ದಾರೆ. ಇದು ತಾನಾಗೇ ಆಗೋದಲ್ಲ, ಯಾರೋ ಬೇಕಂತಲೇ ತೆಗೆದಿದ್ದಾರೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ಸ್‌ಪೆಕ್ಟರ್ ಕಣ್ಣು ಕಿರಿದಾಯಿತು.

"ಬೀಗದ ನಂಬರ್ ಯಾರಿಗೆ ಗೊತ್ತು?"

"ನನಗೆ... ನನ್ನ ಗಂಡನಿಗೆ."

"ಬೆಳಿಗ್ಗೆ ಕೊನೆಗೆ ಮುಟ್ಟಿದ್ದು?"

ಅವಳ ಬೆರಳು ಅಭ್ಯಾಸದಿಂದ ಮುಂದಿನ ಪುಟಕ್ಕೆ ಹೋಯಿತು. ಅಲ್ಲಿ ಡಿಲೇ. ವೇದಿಕೆಯ ದನಿ ಬಾಲ್ಕನಿಗೆ ತಲುಪಲು ಕೊಂಚ ಹೊತ್ತು ಬೇಕು. ಬಾಲ್ಕನಿಯ ಸ್ಪೀಕರ್ ಅಷ್ಟು ಹೊತ್ತು ಕಾದು ನುಡಿಯಬೇಕು, ಇಲ್ಲದಿದ್ದರೆ ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತದೆ. ಆ ಕಾಯುವ ಹೊತ್ತನ್ನು ಅವಳ ಗಂಡ ಯಾವಾಗಲೂ ಮಿಲಿಸೆಕೆಂಡ್‌ನಲ್ಲಿ ತುಂಬುತ್ತಿದ್ದ. ಡಬ್ಬಿಯ ಪರದೆಯಲ್ಲಿ ಈಗ ಅಂಕಿ ಅಡಿಗಳಲ್ಲಿತ್ತು.

ಅವಳು ತಟ್ಟನೆ ಆ ಪುಟ ಮುಚ್ಚಿದಳು. ಅದೊಂದನ್ನು ಅವಳು ಇನ್ಸ್‌ಪೆಕ್ಟರಿಗೆ ಹೇಳಲಿಲ್ಲ.

* * *

ಸಂಜೆಯೊಳಗೆ ಗಂಡ ಕಂಬಿಯ ಹಿಂದೆ. ಮರುದಿನ ನ್ಯಾಯಾಲಯ ಅವನನ್ನು ಮೂರು ದಿನ ಪೊಲೀಸರ ವಶಕ್ಕೆ ಕೊಟ್ಟಿತು. ಅದು ಮುಗಿದರೆ ಜೈಲು.

"ಹಿಂದಿನ ದಿನ ನಿಮ್ಮವರಿಗೂ ಅಜ್ಜನಿಗೂ ಜಗಳ ಆಗಿತ್ತಂತೆ," ಇನ್ಸ್‌ಪೆಕ್ಟರ್ ಹೇಳಿದರು. ಕೆಟ್ಟ ಮನುಷ್ಯರಲ್ಲ. ಚೂಟಿಗೆ ಕುರ್ಚಿ ಎಳೆದುಕೊಟ್ಟಿದ್ದರು. "ನೀನು ಬಂದ ಮೇಲೆ ಹಾಲ್‌ನಲ್ಲಿ ದನಿ ಸತ್ತುಹೋಯ್ತು, ಮಾಸ್ಟರ್ ಕಾಲದ ಕಳೆ ಇಲ್ಲ ಅಂತ ಅಜ್ಜ ಅಂದನಂತೆ. ಇವರು ರೇಗಿದ್ರಂತೆ."

"ಅದಕ್ಕೆ ಬೆಂಕಿ ಹಚ್ಚುತ್ತಾರಾ ಸಾರ್?"

"ಹಚ್ಚಿದ್ರು ಅಂತ ನಾನೂ ಹೇಳ್ತಿಲ್ಲ. ಬೇಕಂತ ಮಾಡಿದ್ರೂ ಜೈಲು, ಮರೆತು ಮಾಡಿದ್ರೂ ಜೈಲು. ನನಗೂ ಅನುಮಾನ ಇದೆಯಮ್ಮ. ನನ್ನ ಅನುಮಾನಕ್ಕೆ ಯಾರೂ ಜಾಮೀನು ಕೊಡಲ್ಲ. ಬೇರೆ ಯಾರಾದರೂ ಆ ಡಬ್ಬಿ ಮುಟ್ಟಿದ್ದಾರೆ ಅಂತ ತೋರಿಸು, ಬಿಟ್ಟುಬಿಡ್ತೀನಿ."

ಕಂಬಿಯ ಆಚೆ ಗಂಡನ ಕಣ್ಣು ಕೆಂಪಾಗಿತ್ತು. ನಿದ್ದೆ ಮಾಡಿರಲಿಲ್ಲ.

"ನಾನು ಬೀಗ ಹಾಕಿ, ಮತ್ತೆ ತೆಗೆದು ನೋಡಿ, ಮತ್ತೆ ಹಾಕಿ ಬಂದಿದ್ದೀನಿ ಕಣೇ."

"ಗೊತ್ತು ರೀ."

"ನಿನಗೆ ಗೊತ್ತು. ನನಗೇ ಈಗ ಗೊತ್ತಾಗ್ತಿಲ್ಲ. ಕಣ್ಣು ಮುಚ್ಚಿದ್ರೆ ನನ್ನ ಬೆರಳೇ ಆ ಗುಂಡಿ ಒತ್ತೋದು ಕಾಣುತ್ತೆ. ಪೊಲೀಸರು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಅಜ್ಜ ನನ್ನಿಂದಲೇ ಸತ್ತನೇನೋ." ಅವನು ಕಂಬಿಗೆ ಹಣೆ ಒತ್ತಿದ. "ಹೇಗಾದರೂ ಮಾಡಿ ಆಚೆ ಕರಕೊಂಡು ಹೋಗು."

ಅವಳು ಅವನ ಬೆರಳು ಹಿಡಿದುಕೊಂಡಳು. "ಕರಕೊಂಡು ಹೋಗ್ತೀನಿ. ಬಾಲ್ಕನಿ ಡಿಲೇ ಎಷ್ಟು ಹಾಕಿದ್ರಿ, ಅದೊಂದು ಹೇಳಿ."

ಅವನು ಹೇಳಿದ. ಯಾಕೆ ಎಂದು ಕೇಳಲಿಲ್ಲ. ಕೇಳುವ ಚೈತನ್ಯವೂ ಅವನಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದರೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. ತಟ್ಟೆಯಲ್ಲಿ ಅನ್ನ ಹಾಗೇ ಒಣಗಿತ್ತು. ಗಡ್ಡದಜ್ಜ ಅವನ ಹಳೆಯ ಗೆಳೆಯ, ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡವರು.

"ಅಳಿಯಂದ್ರು ಏನಂದ್ರು?"

"ತಾನು ಮಾಡಿಲ್ಲ ಅಂದ್ರು."

ಅಪ್ಪ ಮುಖ ಆಚೆ ತಿರುಗಿಸಿದ. "ಹೊಸ ಡಬ್ಬಿ. ಒಂದು ಗುಂಡಿ ಆಚೀಚೆ ಆಗಿರುತ್ತೆ. ಮನುಷ್ಯ ಅಂದ್ಮೇಲೆ ತಪ್ಪು ಆಗುತ್ತೆ, ಅಲ್ವಾ?"

ಅವತ್ತು ಮಧ್ಯಾಹ್ನ ನೀನು ಎಲ್ಲಿದ್ದೆ ಎಂದು ಕೇಳಲು ಅವಳು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆಯೇ.

"ಒಂದು ತುತ್ತಾದ್ರೂ ತಿನ್ನು ಅಪ್ಪಾ."

* * *

ಗುಡುಗು ಸಿಕ್ಕಿಬಿದ್ದರೆ ಸಾಕು. ಮರುದಿನ ಅವಳು ದಾರಿಯುದ್ದಕ್ಕೂ ಅದನ್ನೇ ಹಂಬಲಿಸಿದಳು. ಒಬ್ಬ ಮನುಷ್ಯ ಕಳ್ಳನಾಗಿರಲಿ ಎಂದು ಯಾರಾದರೂ ಹೀಗೆ ಬೇಡಿಕೊಂಡದ್ದುಂಟೇ? ಅವಳು ಬೇಡಿಕೊಂಡಳು.

ಗುಡುಗು ಎಂದರೆ ಇನ್ನೊಂದು ಸೌಂಡ್ ಅಂಗಡಿಯ ಯಜಮಾನ. ಬೀರುವಿನಷ್ಟು ಎತ್ತರದ ಬಾಸ್ ಪೆಟ್ಟಿಗೆಗಳಿಂದ ಆ ಹೆಸರು. ಹಿಂದೆ ಮಾಸ್ಟರ್ ಕೈಕೆಳಗೆ ದುಡಿದವನು. ಅಂಗಡಿಯ ಫೋನ್ ನಂಬರ್ ಅವನಿಗೆ ಬಾಯಿಪಾಠ. ಸಭಾಂಗಣದ ಕೆಲಸ ಕೈತಪ್ಪಿದ ಹೊಟ್ಟೆಯುರಿಯೂ ಇತ್ತು. ಇದಕ್ಕಿಂತ ಒಳ್ಳೆಯ ಕಳ್ಳ ಎಲ್ಲಿ ಸಿಗಬೇಕು?

ಅವನು ಗೋಡೌನಿನಲ್ಲಿ ಕೇಬಲ್ ಸುತ್ತುತ್ತಿದ್ದ.

"ಅಣ್ಣಾ, ನೇರವಾಗಿ ಕೇಳ್ತೀನಿ. ನೀನು ಮಾಡಿದ್ಯಾ?"

"ಏನೇ ಚೂಟಿ, ಕುಶಲ ಕೇಳೋ ಮೊದಲೇ ಕೈಕೋಳ ತಂದಿದ್ದೀಯಲ್ಲ!" ಅವನು ನಗಲು ನೋಡಿದ. ಅವಳ ಮುಖ ಕಂಡು ಸುತ್ತುವುದನ್ನು ನಿಲ್ಲಿಸಿದ. "ಅವತ್ತು ಬೆಳಿಗ್ಗೆಯಿಂದ ಮಾರುಕಟ್ಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಉದ್ಘಾಟನೆ ಕಣಮ್ಮ. ಬೀದಿಗೆ ಬೀದಿಯೇ ನನಗೆ ಶಾಪ ಹಾಕಿದೆ, ಹೋಗಿ ಕೇಳು. ಏನೇನು ಮುಟ್ಟಿದ್ದಾರೆ?"

"ಟ್ರೆಬಲ್ ಲಿಮಿಟರ್ ಒಂದೇ. ಬಾಸ್ ಹಾಗೇ ಇದೆ."

"ಹಾಗಿದ್ರೆ ನಾನಲ್ಲ ಬಿಡು. ಆ ಕೀರಲು ದನಿ ಕಟ್ಟಿಕೊಂಡು ನನಗೇನಾಗಬೇಕು? ಹಾಳು ಮಾಡೋದೇ ಆಗಿದ್ರೆ ಮೂರನ್ನೂ ತೆಗೆದು ಬರ್ತಿದ್ದೆ. ಬೇರೇನು?"

"ಬಾಲ್ಕನಿ ಡಿಲೇ."

"ಡಿಲೇನಾ? ನನಗೆ ಡಿಲೇ ಅಂದ್ರೆ ಬಸ್ಸು ತಡ ಆಗೋದು, ಅಷ್ಟೇ. ನನ್ನ ಜನ್ಮದಲ್ಲಿ ಹಾಕಿಲ್ಲ." ಅವನು ಹುಬ್ಬು ಗಂಟಿಕ್ಕಿದ. "ಇದೇನು ವಿಚಿತ್ರ! ಕೆಡಿಸೋಕೆ ಬಂದೋನು ಬಾಲ್ಕನಿ ದನಿ ಹೊಂದಿಸ್ತಾ ಕೂರ್ತಾನಾ? ಇದು ಕೆಡಿಸಿರೋದಲ್ಲ ಚೂಟಿ. ಯಾರೋ ಸರಿ ಮಾಡೋಕೆ ಬಂದಿದ್ದಾರೆ. ಯಾವ ಲೆಕ್ಕದಲ್ಲಿತ್ತು?"

"ಅಡಿ ಲೆಕ್ಕದಲ್ಲಿ."

ಗುಡುಗು ಕೇಬಲ್ ಕೆಳಗಿಟ್ಟ. ಅವನಿಗೂ ಗೊತ್ತಿತ್ತು. ಹೊಸ ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ವೇದಿಕೆಯಿಂದ ಬಾಲ್ಕನಿಯವರೆಗೆ ನಡೆದು ಅಳೆಯುತ್ತಿದ್ದವರು ಒಬ್ಬರೇ. ಯಂತ್ರ ಯಾವುದೇ ಇರಲಿ, ಮೊದಲು ಅದನ್ನು ಅಡಿ ಲೆಕ್ಕಕ್ಕೆ ತಿರುಗಿಸುತ್ತಿದ್ದರು. ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಲು ಯಾವತ್ತೂ ಮರೆಯುತ್ತಿದ್ದರು. ಅಳಿಯನಿಗೂ ಅವರಿಗೂ ಅದರ ಮೇಲೇ ಎಷ್ಟೋ ಸಲ ಕಿರಿಕಿರಿಯಾಗಿತ್ತು.

"ಹೋಗಮ್ಮಾ," ಗುಡುಗು ಮೆಲ್ಲಗೆ ಹೇಳಿದ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಆ ಹೆಸರು ನನ್ನ ಬಾಯಿಂದ ಹೇಳಿಸಬೇಡ. ನನಗೆ ಅನ್ನ ಹಾಕಿದ ಕೈ ಅದು."

* * *

ಅಂಗಡಿಯ ಮೆಟ್ಟಿಲ ಮೇಲೆ ಅವಳು ಕೂತೇ ಇದ್ದಳು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅದು ಬಾಯಿಮಾತಿಗೆ ಸುಲಭ. ಅಪ್ಪನ ಹೆಸರು ಹೇಳದಿದ್ದರೆ ನಾಳೆ ಗಂಡ ಜೈಲಿಗೆ. ಹೇಳಿದರೆ ಸಾಕಿ ಬೆಳೆಸಿದ ಅಪ್ಪ ಜೈಲಿಗೆ. ಅಮ್ಮ ತೀರಿಕೊಂಡ ಮೇಲೆ ಇವಳ ಜಡೆ ಹೆಣೆಯಲು ಪಕ್ಕದ ಮನೆಯವಳಿಂದ ಕಲಿತುಬಂದ ಅಪ್ಪ ಅವನು.

ಅಪ್ಪ ಯಾಕೆ ಮಾಡಿದ? ಅದೊಂದು ಬಿಡಿಸಲಾಗದೆ ಅವಳು ಒದ್ದಾಡಿದಳು. ಅಳಿಯನ ಮೇಲೆ ಹಗೆಯೇ? ಇಲ್ಲ. ಟ್ರೆಬಲ್ ಒಂದನ್ನೇ ಯಾಕೆ ಏರಿಸಿದ? ದನಿ ಕಿವಿಗೆ ಸೂಜಿ ಚುಚ್ಚಿದಂತಿತ್ತು ಎಂದು ನೃತ್ಯದ ಹುಡುಗಿಯರೇ ಹೇಳಿಕೆ ಕೊಟ್ಟಿದ್ದರು. ಅಪ್ಪ ಅಲ್ಲೇ ನಿಂತು, ಅದೇ ದನಿ ಕೇಳಿ, ಸರಿಯಾಯಿತು ಎಂದುಕೊಂಡು ಹೋದನೇ? ಅಂಥ ಕಿವಿಯ ಮನುಷ್ಯ?

ಒಳಗೆ ಅವನ ಮೊಬೈಲ್ ಟಿಣ್ ಎಂದಿತು. ಸಂದೇಶ ಬಂದ ಸಣ್ಣ ಸದ್ದು. ಮೊಬೈಲ್ ಅಪ್ಪನ ಮೊಣಕೈ ಪಕ್ಕದಲ್ಲೇ ಇತ್ತು. ಅವನು ತಲೆ ಎತ್ತಲಿಲ್ಲ. ಮತ್ತೆ ಟಿಣ್ ಎಂದಿತು. ಅವನು ಗೋಡೆಯನ್ನೇ ನೋಡುತ್ತಿದ್ದ.

ಆಗ ಅವಳಿಗೆ ಎಲ್ಲ ಅರ್ಥವಾಯಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

* * *

ಮೂರನೆಯ ದಿನ ಮಧ್ಯಾಹ್ನ. ಸಭಾಂಗಣದಲ್ಲಿ ಸುಟ್ಟ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ಬಾಲ್ಕನಿಯ ಸ್ಪೀಕರ್‌ಗಳು ಮಾತ್ರ ಕೆಲಸ ಮಾಡುತ್ತಿದ್ದವು. ಇನ್ಸ್‌ಪೆಕ್ಟರ್, ಕಾನ್‌ಸ್ಟೇಬಲ್ ಜೊತೆ ಗಂಡ, ಗುಡುಗು, ಅಪ್ಪ, ಎಲ್ಲರನ್ನೂ ಚೂಟಿ ಬಾಲ್ಕನಿಯ ಕೆಳಗೆ ನಿಲ್ಲಿಸಿದಳು.

"ಅಪ್ಪಾ, ಈ ಸ್ಪೀಕರ್‌ಗಳಿಗೂ ಏಟು ಬಿದ್ದಿದೆಯಾ ನೋಡಬೇಕು. ಒಂದು ಸ್ವರ ಬಿಡ್ತೀನಿ. ಕೇಳಿದ ಕೂಡಲೇ ಕೈ ಎತ್ತು."

"ಬಿಡು ಮಗಳೇ." ಅಪ್ಪ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣು ಮುಚ್ಚಿ ನಿಂತ. ಅವಳು ಹುಟ್ಟಿದಾಗಿನಿಂದ ನೋಡಿದ ನಿಲುವು.

ಅವಳು ಗುಂಡಿ ಒತ್ತಿದಳು.

ಇನ್ಸ್‌ಪೆಕ್ಟರ್ ಮುಖ ಕಿವುಚಿದರು. ಕಾನ್‌ಸ್ಟೇಬಲ್ ಎರಡು ಹೆಜ್ಜೆ ಹಿಂದೆ ಸರಿದ. ಗಂಡ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡ. ಗುಡುಗು ತಲೆ ತಗ್ಗಿಸಿ ನಿಂತ. ತಗಡಿನ ಮೇಲೆ ಮೊಳೆ ಗೀರಿದಂಥ ದನಿ ಇಡೀ ಸಭಾಂಗಣ ತುಂಬಿತು.

ಅಪ್ಪ ಕಣ್ಣು ಮುಚ್ಚಿ ಕಾಯುತ್ತಿದ್ದ. ಕೊನೆಗೆ ಅಸಹನೆಯಿಂದ ಹೇಳಿದ.

"ಹಾಕಮ್ಮಾ, ಯಾಕೆ ತಡ?"

ಅಪ್ಪ ಕಣ್ಣು ತೆರೆದ. ಕಿವಿ ಮುಚ್ಚಿಕೊಂಡ ಅಳಿಯನನ್ನು ಕಂಡ. ಇನ್ಸ್‌ಪೆಕ್ಟರರನ್ನು ಕಂಡ. ಮಗಳನ್ನು ನೋಡಿದ.

"ಹಾಕಿದ್ದೀನಿ ಅಪ್ಪಾ," ಎಂದಳು ಅವಳು, ಮತ್ತು ದನಿ ನಿಲ್ಲಿಸಿದಳು.

"ಬಿಡಿಸಿ ಹೇಳಮ್ಮ," ಇನ್ಸ್‌ಪೆಕ್ಟರ್ ಹೇಳಿದರು.

ಅವಳು ಹೇಳಿದಳು. "ಹಾಳು ಮಾಡೋಕೆ ಬಂದೋರು ಮೂರು ಲಿಮಿಟರನ್ನೂ ತೆಗೀತಿದ್ರು. ತೆಗೆದದ್ದು ಟ್ರೆಬಲ್‌ನದು ಒಂದೇ. ಯಾರಿಗೋ ಟ್ರೆಬಲ್ ಸಾಲಲಿಲ್ಲ. ಎಲ್ಲರ ಕಿವಿ ಚುಚ್ಚುವಷ್ಟು ಏರಿಸಿದರೂ ಅವರಿಗೆ ಸಾಲಲಿಲ್ಲ. ಯಾಕಂದ್ರೆ ಆ ದನಿ ಅವರಿಗೆ ಕೇಳಿಸ್ತಾನೇ ಇರಲಿಲ್ಲ. ವಯಸ್ಸಾದ ಕಿವಿಗೆ ಮಾತು ಕೇಳಿದ್ರೂ ಸಣ್ಣ ದನಿ ಮೊದಲು ಹೋಗುತ್ತೆ. ಬಾಲ್ಕನಿಯಲ್ಲಿ ಮಾತು ಮಸುಕಾಗಿ ಕೇಳ್ತು. ಡಿಲೇ ತಪ್ಪಿದೆ ಅಂದ್ಕೊಂಡು ಕಾಲಲ್ಲಿ ಅಳೆದು ಅಡಿ ಲೆಕ್ಕದಲ್ಲಿ ತುಂಬಿದ್ರು. ಡಬ್ಬಿ ಅಡಿ ಲೆಕ್ಕದಲ್ಲೇ ಉಳೀತು. ನಮ್ಮ ಅಂಗಡಿಯಲ್ಲಿ ಅಡಿ ಲೆಕ್ಕದವರು ಒಬ್ಬರೇ ಸಾರ್. ಊಟದ ಹೊತ್ತಲ್ಲಿ ಬಾಗಿಲು ತೆಗೆದು ಒಳಗೆ ಬಿಡೋಕೆ ಅಜ್ಜ ಇದ್ದ. ಬಿಟ್ಟವನೇ ಸತ್ತ. ಅದಕ್ಕೇ ಯಾರೂ ನೋಡಿದವರಿಲ್ಲ."

ಅಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಸಿದ.

"ಗಡ್ಡದಜ್ಜನೇ ಕರೆದ," ಎಂದ. "ನೀನು ಬಂದು ಒಂದು ಸಲ ಕೈ ಆಡಿಸೋ, ದನಿಗೆ ಜೀವ ಬರಲಿ ಅಂದ. ನನಗೂ ಹಾಗೇ ಅನಿಸ್ತಿತ್ತು. ಸ್ಪೀಕರ್‌ಗಳೆಲ್ಲ ಕಂಬಳಿ ಹೊದ್ದ ಹಾಗೆ ಆಗಿದ್ವು. ಅಳಿಯಂದ್ರು ಹೆದರಿಕೆಗೆ ಲಗಾಮು ಬಿಗಿದಿದ್ದಾರೆ ಅಂದ್ಕೊಂಡೆ. ಸ್ವಲ್ಪ ಬಿಟ್ಟೆ. ಸಾಲಲಿಲ್ಲ. ಇನ್ನೂ ಬಿಟ್ಟೆ. ಕೆಟ್ಟಿರೋದು ನನ್ನ ಕಿವಿ ಅಂತ ಬೆಂಕಿ ಬಿದ್ದ ಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೂ ಸುಮ್ಮನಿದ್ಯಲ್ಲ ಅಪ್ಪಾ!"

"ಹೇಳಬೇಕು ಅಂತ ಠಾಣೆ ಬಾಗಿಲವರೆಗೂ ಹೋದೆ. ಹೇಳಿದ್ರೆ ಮಾಸ್ಟರ್‌ಗೆ ಕಿವಿ ಹೋಯ್ತು ಅಂತ ಜನ..." ಅವನು ಅಳಿಯನ ಕಡೆ ನೋಡಲಿಲ್ಲ. "ಅಳಿಯಂದ್ರಿಗೆ ಇನ್ನೂ ವಯಸ್ಸಿದೆ, ಹೇಗೋ ಆಚೆ ಬರ್ತಾರೆ ಅಂದ್ಕೊಂಡೆ. ನನಗೆ ಆ ಕಿವಿ ಬಿಟ್ಟರೆ ಬೇರೇನಿತ್ತು?"

ಗಂಡ ಒಂದು ಹೆಜ್ಜೆ ಮುಂದೆ ಬಂದ. "ಮಾವ, ನಾನೇ ಕೊಂದೆ ಅಂತ ನಾನು ನಂಬಿಬಿಟ್ಟಿದ್ದೆ," ಎಂದ.

ಕಾನ್‌ಸ್ಟೇಬಲ್ ಅಪ್ಪನ ತೋಳು ಹಿಡಿದ. ಎದ್ದು ನಿಂತ ಅಪ್ಪ ಮಗಳ ಹತ್ತಿರ ಬಂದು, ಯಾರಿಗೂ ಕೇಳದಂತೆ ಎಂದುಕೊಂಡು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದ.

"ಡಿಲೇ ಆದ್ರೂ ಸರಿ ಮಾಡಿದ್ದೆ, ಅಲ್ವಾ?"

ಅವಳು ಗಂಡ ಹೇಳಿದ ಅಂಕಿಯನ್ನು ಅಡಿ ಲೆಕ್ಕಕ್ಕೆ ತಿರುಗಿಸಿ ನೋಡಿದ್ದಳು. ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ಅವರು ಹಾಕಿದ್ದೂ ಅಷ್ಟೇ ಅಪ್ಪಾ, ನೀನು ಹಾಕಿದ್ದೂ ಅಷ್ಟೇ. ಮೊದಲೇ ಸರಿ ಇತ್ತು."

ಅಪ್ಪ ತಲೆಯಾಡಿಸಿದ. ಕೇಳಿಸಿತೋ ಇಲ್ಲವೋ.

* * *

ಕಾಗದಪತ್ರಗಳೆಲ್ಲ ಮುಗಿದು ಗಂಡ ಠಾಣೆಯಿಂದ ಹೊರಬರುವಾಗ ಬಿಸಿಲು ಇಳಿದಿತ್ತು. ಅಪ್ಪ ಒಳಗೆ ಉಳಿದ. ಚೂಟಿ ಗಂಡನ ಚೀಲ ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಕೊಡಲಿಲ್ಲ.

ರಸ್ತೆಯ ತಿರುವಿನಲ್ಲಿ ನಿಂತ. ಎಷ್ಟೋ ಹೊತ್ತಿನಿಂದ ಏನನ್ನೋ ಕೂಡಿ ಕಳೆಯುತ್ತಿದ್ದವನ ಹಾಗಿತ್ತು ಮುಖ.

"ಡಿಲೇ ಎಷ್ಟು ಅಂತ ನೀನು ಮಾರನೇ ದಿನವೇ ಕೇಳಿದೆ."

"ಹೂಂ."

"ಅಂದ್ರೆ ಡಬ್ಬಿ ಪರದೆ ನೋಡಿದ ತಕ್ಷಣ ನಿನಗೆ ಗೊತ್ತಾಗಿತ್ತು."

ಅನುಮಾನ ಇತ್ತು ಅಷ್ಟೇ ಎನ್ನಬಹುದಿತ್ತು. ಗುಡುಗು ಇರಬಹುದು ಅಂದುಕೊಂಡೆ ಎನ್ನಬಹುದಿತ್ತು. ಅದೂ ಪೂರ್ತಿ ಸುಳ್ಳೇನಲ್ಲ.

"ಗೊತ್ತಾಗಿತ್ತು ರೀ," ಎಂದಳು. "ಅಪ್ಪ ಅಲ್ವಾ... ಹೇಳೋಕೆ ಆಗಲಿಲ್ಲ."

"ನನ್ನ ಕೈಯೇ ಆ ಗುಂಡಿ ಒತ್ತೋದು ಕಾಣ್ತಿದೆ ಅಂತ ನಿನಗೆ ಹೇಳ್ದೆ. ನೀನು ನನ್ನ ಬೆರಳು ಹಿಡ್ಕೊಂಡೆ. ಆಗಲೂ ಹೇಳಲಿಲ್ಲ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದಳು. ಅವನು ಜೇಬಿನಿಂದ ಮನೆಯ ಬೀಗದಕೈ ತೆಗೆದು ಅವಳ ಕೈಯಲ್ಲಿಟ್ಟ.

"ಅಕ್ಕನ ಮನೆಗೆ ಹೋಗ್ತೀನಿ. ನಿಮ್ಮಪ್ಪನಿಗೆ ಒಬ್ಬ ವಕೀಲನ್ನ ನೋಡು."

ನಡೆದುಬಿಟ್ಟ. ಅವನು ಚಪ್ಪಲಿ ಅಂಗಡಿ ದಾಟಿದ, ಔಷಧಿ ಅಂಗಡಿ ದಾಟಿದ. ಆಗ ಅವಳು ಎದೆ ಒಡೆಯುವಂತೆ ಕೂಗಿದಳು.

"ರೀ!"

ಸೈಕಲ್ಲಿನವನು ಬ್ರೇಕ್ ಹಾಕಿದ. ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಬಗ್ಗಿ ನೋಡಿದಳು. ಬೀದಿಯಲ್ಲಿದ್ದ ಎಲ್ಲರೂ ತಿರುಗಿದರು. ಅವನೊಬ್ಬ ತಿರುಗಲಿಲ್ಲ. ಅವನ ಕಿವಿಗೆ ಏನೂ ಆಗಿರಲಿಲ್ಲ.